ರಸಮಂಜರಿಗೆ ಗಿಟಾರ್ ಹೊರಡುವ ಮುನ್ನ

ಗಣಪತಿ ಹಬ್ಬ ಬಂತೆಂದರೆ ಶಿವಮೊಗ್ಗದಿಂದ ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಗೆ ರಸಮಂಜರಿ ತಂಡಗಳ ಓಡಾಟ ಶುರು. ಆಮೇಲೆ ಕಾಲೇಜು ಡೇ, ಮದುವೆ ಆರತಕ್ಷತೆ, ಹೋಂಸ್ಟೇಗಳ ಸಂಜೆ ಕಾರ್ಯಕ್ರಮ. ಮೊದಲ ಸಲ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಸ್ಟೇಜ್ ಹತ್ತುವ ಹುಡುಗ ಹುಡುಗಿಯರು ನನ್ನ ಹತ್ತಿರ ಕೇಳುವುದು ಒಂದೇ ಪ್ರಶ್ನೆ: ‘ಎಷ್ಟು ವ್ಯಾಟಿನ ಆಂಪ್ ತಗೊಳ್ಳಲಿ?’ ಆಂಪ್ ಅಂದರೆ ಗಿಟಾರಿನ ಸದ್ದು ಏರಿಸುವ ಆಂಪ್ಲಿಫಯರ್ ಪೆಟ್ಟಿಗೆ. ವ್ಯಾಟಿನ ಮಾತು ಆಮೇಲೆ. ನಮ್ಮ ಮಲೆನಾಡಿನಲ್ಲಿ ಸಾಮಾನು ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು ಕರೆಂಟು, ಇನ್ನೊಂದು ತೇವ. ಆ ಎರಡನ್ನು ತಲೆಯಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ಆಂಪ್ ಆರಿಸುವಾಗ

50 ವ್ಯಾಟಿನ ಬದಲು 100 ವ್ಯಾಟಿನದು ತಂದರೆ ಸದ್ದು ಎರಡು ಪಟ್ಟು ಆಗುವುದಿಲ್ಲ. ಜಾಸ್ತಿ ಆಗುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅದಲ್ಲದೆ ಪೆಂಡಾಲಿನ ಕೊನೇ ಸಾಲಿಗೆ ಸದ್ದು ಮುಟ್ಟಿಸುವ ಕೆಲಸ ನಿಮ್ಮ ಆಂಪಿನದಲ್ಲ, ಮೈಕ್‌ಸೆಟ್ಟಿನವರದು. ನಿಮ್ಮ ಆಂಪ್ ನಿಮಗೆ, ಪಕ್ಕದ ಡ್ರಮ್ಮರ್‌ಗೆ ಕೇಳಿಸಿದರೆ ಸಾಕು. ಅದಕ್ಕೆ 40-50 ವ್ಯಾಟಿನ, ವಾಲ್ವ್ (ಗಾಜಿನ ಟ್ಯೂಬು) ಇಲ್ಲದ ಸಾಲಿಡ್ ಸ್ಟೇಟ್ ಆಂಪ್ ಧಾರಾಳ. ಬಾಸ್ ಕಂಪನಿಯ ಕಟಾನಾ 50ರಂಥ ಆಂಪನ್ನು ಒಂದೇ ಕೈಯಲ್ಲಿ ಎತ್ತಿ ಬಸ್ಸಿನ ಡಿಕ್ಕಿಗೆ ಇಡಬಹುದು. 1975ರಿಂದ ಹೆಸರು ಮಾಡಿರುವ ರೋಲ್ಯಾಂಡ್ ಜೆಸಿ-120ರ ಕ್ಲೀನ್ ಸೌಂಡ್ ನನಗೆ ಬಹಳ ಇಷ್ಟ. ಆದರೆ ಅದನ್ನು ಹೊರಲು ಇಬ್ಬರು ಬೇಕು.

ಹಳೇ ರೇಡಿಯೊ ಹಾಗೆ ವಾಲ್ವ್ ಇರುವ ಆಂಪಿನ ನಾದಕ್ಕೆ ಸಾಟಿ ಇಲ್ಲ, ನಿಜ. 15 ವ್ಯಾಟಿನ ವಾಲ್ವ್ ಆಂಪ್ ಕೂಡ ಸಣ್ಣ ಹಾಲ್ ತುಂಬುತ್ತದೆ. ಆದರೆ ಘಾಟಿ ರಸ್ತೆಯ ಕುಲುಕಾಟ, ಏರಿಳಿಯುವ ವೋಲ್ಟೇಜು ಅದಕ್ಕೆ ಒಗ್ಗುವುದಿಲ್ಲ. ಸ್ಪೀಕರ್ ವೈರ್ ಕಳಚಿದ್ದನ್ನು ನೋಡದೆ ಆನ್ ಮಾಡಿ ನುಡಿಸಿದರೆ ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೇ ಹೋಗಬಹುದು. ಮೊದಲ ಆಂಪಿಗೆ ಇದು ಬೇಡ ಅಂತಲೇ ಹೇಳುತ್ತೇನೆ.

ಆಂಪಿನ ಹಿಂಬದಿಯಲ್ಲಿ ಲೈನ್ ಔಟ್, ಅಂದರೆ ಸದ್ದನ್ನು ವೈರಿನಲ್ಲಿ ಹೊರಗೆ ಕೊಡುವ ತೂತು, ಇದೆಯೇ ನೋಡಿ. ಇದ್ದರೆ ಸೀದಾ ಮೈಕ್‌ಸೆಟ್ಟಿನವರ ಮಿಕ್ಸರ್‌ಗೆ ವೈರ್ ಕೊಡಬಹುದು. ಇಲ್ಲದಿದ್ದರೆ ಸ್ಪೀಕರಿನ ಮುಂದೆ, ನಡು ಬಿಟ್ಟು ಸ್ವಲ್ಪ ಪಕ್ಕಕ್ಕೆ, ಎರಡು ಬೆರಳಷ್ಟು ದೂರದಲ್ಲಿ ಮೈಕ್ ನಿಲ್ಲಿಸಲು ಹೇಳಿ. ಅಮೆರಿಕದಿಂದ ಯಾರಾದರೂ ಆಂಪ್ ತಂದುಕೊಟ್ಟರೆ ಹಿಂದಿನ ಚೀಟಿ ಓದದೆ ಪ್ಲಗ್ ಹಾಕಬೇಡಿ. ಅಲ್ಲಿನದು 120 ವೋಲ್ಟ್, ನಮ್ಮದು 230.

ಆಂಪೇ ಬೇಡ, ಅದರ ನಾದವನ್ನು ನಕಲು ಮಾಡುವ ಪ್ರೊಸೆಸರ್ ಸಾಕು ಎನ್ನುವವರೂ ಇದ್ದಾರೆ. ಅದೂ ಸರಿ. ಆದರೆ ಅದರಲ್ಲಿ ಕ್ಯಾಬ್ ಸಿಮ್ಯುಲೇಶನ್ (ಸ್ಪೀಕರ್ ಪೆಟ್ಟಿಗೆಯ ನಾದದ ನಕಲು) ಆನ್ ಆಗಿರಲೇಬೇಕು. ಅದಿಲ್ಲದೆ ಡಿಸ್ಟಾರ್ಶನ್ (ರಾಕ್ ಹಾಡಿನ ಒರಟು ನಾದ) ಹಾಕಿ ಮಿಕ್ಸರ್‌ಗೆ ಕೊಟ್ಟರೆ ಡಬ್ಬದೊಳಗೆ ಜೇನುನೊಣ ಬಿಟ್ಟ ಹಾಗೆ ಕೇಳುತ್ತದೆ.

ಪ್ಲಗ್ ಹಾಕುವ ಮೊದಲು

ಇದನ್ನು ಮಾತ್ರ ದಯವಿಟ್ಟು ನಿಧಾನವಾಗಿ ಓದಿ. ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ ಪೆಂಡಾಲ್ ಕಾರ್ಯಕ್ರಮ. ಮಳೆ ಬಿಟ್ಟು ಹತ್ತು ನಿಮಿಷ ಆಗಿತ್ತು, ಸ್ಟೇಜಿನ ಜಮಖಾನ ಇನ್ನೂ ಒದ್ದೆ. ಎಡಗೈ ತಂತಿಯ ಮೇಲಿತ್ತು. ಕೋರಸ್ ಹಾಡಲು ಬಗ್ಗಿದೆ, ತುಟಿ ಮೈಕಿಗೆ ತಾಗಿದ್ದೇ ತಡ ಚುರ್ ಎಂದು ಹೊಡೆಯಿತು. ಹಲ್ಲಿನವರೆಗೂ ಜುಮ್ಮೆಂದಿತು. ಆಮೇಲೆ ಎಕ್ಸ್‌ಟೆನ್ಶನ್ ಬಾಕ್ಸಿನ ಪ್ಲಗ್ ಕಿತ್ತು ಟಾರ್ಚ್ ಬಿಟ್ಟು ನೋಡಿದೆವು. ಮೇಲಿನ ದಪ್ಪ ಪಿನ್ನನ್ನು ಯಾರೋ ಗರಗಸದಲ್ಲಿ ಕೊಯ್ದಿದ್ದರು. ಎರಡು ತೂತಿನ ಸಾಕೆಟ್ಟಿಗೆ ಹಿಡಿಯಲಿ ಎಂದು ಮಾಡಿದ್ದು. ಕೊಯ್ದ ಜಾಗ ಹಿತ್ತಾಳೆ ಬಣ್ಣದಲ್ಲಿ ಹೊಳೆಯುತ್ತಿತ್ತು.

ಆ ದಪ್ಪ ಪಿನ್ನೇ ಅರ್ತ್. ಗಿಟಾರಿನ ತಂತಿಗಳು ವೈರ್ ಮೂಲಕ ಆಂಪಿನ ಕಬ್ಬಿಣದ ಮೈಗೆ ಸೇರಿರುತ್ತವೆ. ಆಂಪಿಗೆ ಅರ್ತ್ ಇಲ್ಲದಿದ್ದರೆ ಸೋರಿದ ಕರೆಂಟು ತಂತಿಗೆ ಬರುತ್ತದೆ. ಮೈಕು ಮಿಕ್ಸರಿನ ಅರ್ತಿಗೆ ಸೇರಿರುತ್ತದೆ. ನಡುವೆ ನಿಲ್ಲುವವರು ನೀವು.

ಹಾಗಾಗಿ ಸ್ಟೇಜಿಗೆ ಹೋದ ಕೂಡಲೇ ಮೂರು ಪಿನ್ನೂ ಇದೆಯೇ, ಸಾಕೆಟ್ಟಿನ ಮೂರನೇ ತೂತಿಗೆ ವೈರ್ ಎಳೆದಿದ್ದಾರೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ಆಂಪ್ ಆನ್ ಮಾಡಿ ಅದರ ಲೋಹದ ಸ್ಕ್ರೂಗೆ ಟೆಸ್ಟರ್ ಮುಟ್ಟಿಸಿ. ದೀಪ ಮಿನುಗಿದರೆ ಗಿಟಾರ್ ಮುಟ್ಟಬೇಡಿ. ಮಿನುಗಲಿಲ್ಲ ಎಂದ ಮಾತ್ರಕ್ಕೆ ಅರ್ತ್ ಸರಿ ಇದೆ ಎಂದೂ ಅಲ್ಲ, ಕೇಳುವುದನ್ನು ಬಿಡಬೇಡಿ. ಸಾಧ್ಯವಾದರೆ ಮಿಕ್ಸರ್ ಇರುವ ಲೈನಿನಿಂದಲೇ ನಿಮ್ಮ ಆಂಪಿಗೂ ಕರೆಂಟು ತಗೊಳ್ಳಿ. ಲೈನ್ ಔಟ್ ಕೊಟ್ಟ ಮೇಲೆ ಗುಂಯ್ ಎಂಬ ಸದ್ದು ಬಂದರೂ ಅರ್ತ್ ಪಿನ್ ತೆಗೆಯಬಾರದು. ಆಂಪಿಗೂ ಮಿಕ್ಸರಿಗೂ ನಡುವೆ ಡಿಐ ಬಾಕ್ಸ್ ಎಂಬ ಪುಟ್ಟ ಡಬ್ಬಿ ಹಾಕಿ, ಅದರಲ್ಲಿರುವ, ಸಿಗ್ನಲ್ ವೈರಿನ ಗ್ರೌಂಡನ್ನಷ್ಟೇ ಬಿಡಿಸುವ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಆ ಸದ್ದಿಗೆ ಮದ್ದು ಅದು.

ಮಧ್ಯದಲ್ಲಿ ಕರೆಂಟು ಹೋದರೆ ಮೊದಲು ಆಂಪಿನ ಸ್ವಿಚ್ ಆಫ್ ಮಾಡಿ. ಜನರೇಟರ್ ಸ್ಟಾರ್ಟ್ ಆಗಿ, ಲೈಟು ಮಿಣುಕುವುದು ನಿಂತು, ಒಂದೆರಡು ನಿಮಿಷ ಬಿಟ್ಟು ಆನ್ ಮಾಡಿ.

ವೈರು, ಪೆಡಲ್

ಗಿಟಾರ್ ವೈರ್ ಆರು ಮೀಟರ್ ಸಾಕು. ಉದ್ದ ಜಾಸ್ತಿ ಆದಷ್ಟೂ ನಾದ ಮಂಕಾಗುತ್ತದೆ. ಎರಡು ವೈರ್ ಇರಲಿ, ಕೈಕೊಡುವುದು ಯಾವಾಗಲೂ ಅದೇ. ಕಾಲಲ್ಲಿ ಒತ್ತಿ ನಾದ ಬದಲಿಸುವ ಪೆಡಲ್‌ಗಳು ಹೆಚ್ಚಿನವು 9 ವೋಲ್ಟಿನವು, ಅಡಾಪ್ಟರ್ ಪಿನ್ನಿನ ನಡು ನೆಗೆಟಿವ್. ಬೇರೆ ಯಾವುದೋ ಅಡಾಪ್ಟರ್ ಸುಮ್ನೆ ಚುಚ್ಚಿ ನೋಡಬೇಡಿ.

ಸೌಂಡ್ ಚೆಕ್

ಆಂಪನ್ನು ನೆಲದ ಮೇಲಿಟ್ಟರೆ ಅದು ನಿಮ್ಮ ಮೊಣಕಾಲಿಗೆ ಹಾಡುತ್ತದೆ, ಕಿವಿಗಲ್ಲ. ಆಗ ನೀವು ವಾಲ್ಯೂಮ್ ಏರಿಸುತ್ತೀರಿ, ಮುಂದೆ ಕೂತವರಿಗೆ ತಲೆನೋವು. ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ ಒಂದನ್ನು ಕೇಳಿ ತಗೊಳ್ಳಿ. ಅದರ ಮೇಲೆ ಆಂಪ್ ಇಟ್ಟು, ಸ್ವಲ್ಪ ಹಿಂದಕ್ಕೆ ವಾಲಿಸಿ, ಜಾರದ ಹಾಗೆ ಹಗ್ಗ ಬಿಗಿಯಿರಿ.

ಮನೆಯಲ್ಲಿ ಒಬ್ಬರೇ ನುಡಿಸುವಾಗ ಬೇಸ್ (ದಪ್ಪ ಸ್ವರ) ಜಾಸ್ತಿ, ಮಿಡ್ (ನಡುವಿನ ಸ್ವರ) ಕಮ್ಮಿ ಇಟ್ಟರೆ ಚಂದ ಅಲ್ವಾ? ಸ್ಟೇಜಿನಲ್ಲಿ ಆ ಸೆಟ್ಟಿಂಗ್ ಪೂರ್ತಿ ಮುಳುಗಿಹೋಗುತ್ತದೆ. ಬೇಸ್ ಜಾಗದಲ್ಲಿ ಕೀಬೋರ್ಡ್, ಡ್ರಮ್ ಆಗಲೇ ಕೂತಿರುತ್ತವೆ. ಮಿಡ್ ಏರಿಸಿ, ಬೇಸ್ ಇಳಿಸಿ, ಡಿಸ್ಟಾರ್ಶನ್ ಮನೆಯಲ್ಲಿ ಇಟ್ಟಿದ್ದರ ಅರ್ಧಕ್ಕೆ ತನ್ನಿ. ತಗಡಿನ ಶೀಟು ಹೊದಿಸಿದ ಸಮುದಾಯ ಭವನವಾದರೆ ರಿವರ್ಬ್, ಅಂದರೆ ಪ್ರತಿಧ್ವನಿ, ಸೊನ್ನೆ. ಆ ಹಾಲೇ ಬೇಕಾದಷ್ಟು ರಿವರ್ಬ್ ಕೊಡುತ್ತದೆ.

ಮಳೆಗಾಲದಲ್ಲಿ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಷ್ಟಿಲ್ಲದ ಊರಿನಲ್ಲೂ ಜೂನ್ ದಾಟಿತೆಂದರೆ ಗಿಟಾರ್ ಬ್ಯಾಗಿನ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ, ಆಂಪಿನ ನಾಬ್ ತಿರುಗಿಸಿದರೆ ಕರಕರ ಅನ್ನುತ್ತದೆ. ಅದಕ್ಕೆ ಪ್ಲಗ್ ಕಿತ್ತಿಟ್ಟು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ನಾಬನ್ನು ಹತ್ತಿಪ್ಪತ್ತು ಸಲ ತಿರುಗಿಸಿ. ಕೊಬ್ಬರಿ ಎಣ್ಣೆ, ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇ ಬೇಡ. ನುಡಿಸಿದ ಮೇಲೆ ಹಳೇ ಪಂಚೆ ತುಂಡಿನಲ್ಲಿ ಒಂದೊಂದೇ ತಂತಿ ಒರೆಸಿ, ಕೆಳಗಿನಿಂದಲೂ. ಕಾರ್ಯಕ್ರಮ ಇಲ್ಲದ ವಾರದಲ್ಲೂ ಅರ್ಧ ಗಂಟೆ ಆಂಪ್ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಮುಚ್ಚುವುದಕ್ಕೆ ಪ್ಲಾಸ್ಟಿಕ್ ಹಾಳೆ ಬಳಸಬೇಡಿ, ಅದರೊಳಗೇ ಬೆವರು ಕೂರುತ್ತದೆ. ಹತ್ತಿಯ ಬೆಡ್‌ಶೀಟ್ ಹೊದಿಸಿ, ಗೋಡೆಗೆ ತಾಗದ ಹಾಗೆ, ಮಣೆಯ ಮೇಲಿಡಿ.