ಹಳೆ ಜೀಪಿಗೆ ಡೀಸೆಲ್ ಎಂಜಿನ್: ಆಲ್ಟರ್ನೇಟರ್ ವೈರಿಂಗ್ ಮಾಡಿಕೊಂಡ ಬಗೆ

ಪೆಟ್ರೋಲ್ ಜೀಪಿಗೆ ಮಹೀಂದ್ರದ ಹಳೆ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಮಲೆನಾಡಿನ ಕಡೆ ಹೊಸದೇನಲ್ಲ. ಮೌಂಟಿಂಗ್, ಗೇರ್‌ಬಾಕ್ಸ್ ವಿಷಯ ಯಾವ ಗ್ಯಾರೇಜಿನಲ್ಲಿ ಕೇಳಿದರೂ ಹೇಳುತ್ತಾರೆ. ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಾಗಬೇಕು ಅನ್ನುವುದೂ ಗೊತ್ತಿರುವುದೇ. ವೈರಿಂಗ್ ಅಂದರೆ ಮಾತ್ರ "ಹಳೇದಕ್ಕೇ ಸೇರಿಸಿ ಬಿಡಿ ಸಾರ್" ಅನ್ನುತ್ತಾರೆ. ತಲೆನೋವು ಶುರುವಾಗುವುದೇ ಅಲ್ಲಿಂದ.

ಹಳೆ ಪೆಟ್ರೋಲ್ ಎಂಜಿನ್ನಿನಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಿದ್ದುದು ಡೈನಮೋ, ಈಗ ಆ ಕೆಲಸ ಆಲ್ಟರ್ನೇಟರ್ ಮಾಡುತ್ತದೆ. ಹಾಗಾಗಿ ಡೈನಮೋದ ಕಟೌಟ್ ಡಬ್ಬಿಯನ್ನು ಮೊದಲೇ ಬಿಚ್ಚಿ ಹಾಕಿದೆ. ಬ್ಯಾಟರಿ ಕರೆಂಟ್ ವಾಪಸ್ ಹರಿಯದಂತೆ ತಡೆಯಲು ಡೈನಮೋಗೆ ಕಟೌಟ್ ಬೇಕು. ಆಲ್ಟರ್ನೇಟರ್‌ನಲ್ಲಿ ಆ ಕೆಲಸ ಒಳಗಿನ ಡಯೋಡುಗಳದ್ದು. ನನಗೆ ಸಿಕ್ಕಿದ ಆಲ್ಟರ್ನೇಟರ್‌ಗೆ ರೆಗ್ಯುಲೇಟರ್, ಅಂದರೆ ಚಾರ್ಜಿಂಗ್ ವೋಲ್ಟೇಜ್ ಮಿತಿ ಮೀರದಂತೆ ನೋಡಿಕೊಳ್ಳುವ ಡಬ್ಬಿ, ಹೊರಗಡೆ. ಅದರಲ್ಲಿ ಮೂರೇ ಪಿನ್: +, − ಮತ್ತು F. ಫೀಲ್ಡ್ ಕಾಯಿಲ್‌ನ (ಆಲ್ಟರ್ನೇಟರ್ ಒಳಗೆ ಅಯಸ್ಕಾಂತದ ಕೆಲಸ ಮಾಡುವ ಸುರುಳಿ) ಒಂದು ತುದಿಗೆ ಮತ್ತು ರೆಗ್ಯುಲೇಟರ್‌ನ + ಪಿನ್ನಿಗೆ ಕೀಯಿಂದ ಕರೆಂಟ್, ಇನ್ನೊಂದು ತುದಿ F ಪಿನ್ನಿಗೆ. ಅಷ್ಟೇ.

ಗಾಡಿ ಓಡತೊಡಗಿದ ಮೇಲೆ ಬ್ಯಾಟರಿ ನೀರು ಬೇಗ ಬತ್ತುತ್ತಿತ್ತು, ಬಾನೆಟ್ ಎತ್ತಿದರೆ ಆಸಿಡ್ ವಾಸನೆ. ಎಲೆಕ್ಟ್ರಿಷಿಯನ್ "ರೆಗ್ಯುಲೇಟರ್ ಹೋಗಿದೆ" ಅಂದರು. ನಾನು ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 15.1 ವೋಲ್ಟ್, ಅದೇ ಹೊತ್ತಿಗೆ ರೆಗ್ಯುಲೇಟರ್‌ನ + ಪಿನ್ನಿನಲ್ಲಿ 14.2. ರೆಗ್ಯುಲೇಟರ್ ತನಗೆ ಕಂಡ 14.2 ಅನ್ನು ಸರಿಯಾಗಿಯೇ ಕಾಪಾಡುತ್ತಿತ್ತು! ಹಳೆ ಕೀ ಸ್ವಿಚ್, ಕಿಲುಬು ಹಿಡಿದ ಕನೆಕ್ಟರ್‌ಗಳ ಮೂಲಕ ಸುಮಾರು 3 ಆಂಪಿಯರ್ ಫೀಲ್ಡ್ ಕರೆಂಟ್ ಹಾಯುವಾಗ ದಾರಿಯಲ್ಲೇ 0.9 ವೋಲ್ಟ್ ಸೋರಿಹೋಗುತ್ತಿತ್ತು. ರೆಗ್ಯುಲೇಟರ್‌ಗೆ ಕಡಿಮೆ ಕಂಡಷ್ಟೂ ಬ್ಯಾಟರಿಗೆ ಜಾಸ್ತಿ ಹೋಗುತ್ತಿತ್ತು.

ಪರಿಹಾರ ಒಂದು ಮಾಮೂಲಿ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸ್ ಮೂಲಕ ರಿಲೇಯ 30 ನಂಬರ್ ಪಿನ್ನಿಗೆ, 87ನೇ ಪಿನ್ನಿನಿಂದ ಫೀಲ್ಡ್ ಮತ್ತು ರೆಗ್ಯುಲೇಟರ್‌ಗೆ. ಕೀ ಈಗ ರಿಲೇಯನ್ನು ಎಳೆದರೆ ಸಾಕು.

ಡೀಸೆಲ್‌ನಲ್ಲಿ ಇನ್ನೊಂದು ತೊಂದರೆ ಇದೆ, ಪೆಟ್ರೋಲ್ ಗಾಡಿಯವರಿಗೆ ತಕ್ಷಣ ಹೊಳೆಯುವುದಿಲ್ಲ. ಈ ಎಂಜಿನ್ ಆಫ್ ಮಾಡುವುದು ಕೀಯಿಂದಲ್ಲ, ನಾಬ್ ಎಳೆದು. ತೋಟದ ಕೆಲಸದವರು ನಾಬ್ ಎಳೆದು ಇಳಿದು ಹೋಗುತ್ತಾರೆ, ಕೀ ಆನ್‌ನಲ್ಲೇ ಇರುತ್ತದೆ. ಆಗ ಫೀಲ್ಡ್ ಸುಮ್ನೆ 3 ಆಂಪಿಯರ್ ಕುಡಿಯುತ್ತಾ ಕೂರುತ್ತದೆ. 20 ಗಂಟೆಗೆ 60 ಆಂಪಿಯರ್ ಅವರ್ ಹೋದರೆ ಬೆಳಗ್ಗೆ ತಳ್ಳಬೇಕಾಗುತ್ತದೆ, ಅಲ್ವಾ? ಹಾಗಾಗಿ ಕೀಯಿಂದ ರಿಲೇಯ 86ನೇ ಪಿನ್ನಿಗೆ ಹೋಗುವ ವೈರಿನ ಮಧ್ಯೆ, ಆಯಿಲ್ ಪ್ರೆಶರ್ ಬಂದಾಗ ಮಾತ್ರ ಕೂಡಿಕೊಳ್ಳುವ ಎರಡು ಟರ್ಮಿನಲ್‌ನ ಸ್ವಿಚ್ ಹಾಕಿದೆ. ಎಂಜಿನ್ ನಿಂತರೆ ಫೀಲ್ಡ್ ಆಫ್. ಆಯಿಲ್ ಲೈಟಿನ ಒಂಟಿ ಟರ್ಮಿನಲ್ ಸ್ವಿಚ್ ಇದಕ್ಕೆ ಬರುವುದಿಲ್ಲ, ಅದು ಉಲ್ಟಾ ಕೆಲಸ ಮಾಡುತ್ತದೆ.

ಚಾರ್ಜಿಂಗ್ ವೈರನ್ನು ಡ್ಯಾಶ್‌ಬೋರ್ಡಿನ ಆಮ್‌ಮೀಟರ್‌ಗೆ ಕೊಡಲಿಲ್ಲ. 30 ಆಂಪಿಯರ್‌ನ ಮೀಟರ್ ಅದು, ಆಲ್ಟರ್ನೇಟರ್ 45ರದ್ದು. 10 ಚದರ ಮಿ.ಮೀ. ತಾಮ್ರದ ವೈರನ್ನು ನೇರ ಬ್ಯಾಟರಿಗೆ ಎಳೆದು, ಆಮ್‌ಮೀಟರ್ ಜಾಗದಲ್ಲಿ ವೋಲ್ಟ್‌ಮೀಟರ್ ಕೂರಿಸಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಆದ್ದರಿಂದ ಬ್ಲಾಕಿನಿಂದ ಚಾಸಿಗೆ ದಪ್ಪ ಅರ್ಥ್ ಪಟ್ಟಿಯೂ ಬೇಕೇ ಬೇಕು.

ಚಾರ್ಜ್ ಆಗುತ್ತಿಲ್ಲ ಅಂತಾದರೆ ಆಲ್ಟರ್ನೇಟರ್ ಬಿಚ್ಚುವ ಮೊದಲು ಈ ಬಗೆಯ ರೆಗ್ಯುಲೇಟರ್‌ನಲ್ಲಿ F ಮತ್ತು − ಪಿನ್ನುಗಳನ್ನು ಐಡಲಿಂಗ್‌ನಲ್ಲಿ ಒಂದು ಕ್ಷಣ ಸೇರಿಸಿ ನೋಡಿ. ವೋಲ್ಟೇಜ್ ಏರಿದರೆ ಆಲ್ಟರ್ನೇಟರ್ ಸರಿ ಇದೆ, ರೆಗ್ಯುಲೇಟರ್ ಕೆಟ್ಟಿದೆ. ಜಾಸ್ತಿ ಹೊತ್ತು ಹಿಡಿಯಬೇಡಿ, ರೇಸ್ ಕೊಡಲೇಬೇಡಿ. ಆಗ ವೋಲ್ಟೇಜಿಗೆ ಕಡಿವಾಣ ಇರುವುದಿಲ್ಲ, ಬಲ್ಬುಗಳು ಹೋಗುತ್ತವೆ.