ಮೇಜಿನಡಿಯ ವೈರುಗಳನ್ನು ನೆಲದಿಂದ ಎತ್ತಿದ ಬಗೆ

ಕಂಪ್ಯೂಟರ್ ಮೇಜಿನ ಕೆಳಗೆ ಗೋಜಲಾಗುವುದಕ್ಕೆ ವೈರುಗಳ ಸಂಖ್ಯೆಗಿಂತ ಸ್ಪೈಕ್ ಬಸ್ಟರ್ (ಸಾಲಾಗಿ ಸಾಕೆಟ್ಟುಗಳಿರುವ ಬೋರ್ಡು) ನೆಲದ ಮೇಲೆ ಬಿದ್ದಿರುವುದೇ ದೊಡ್ಡ ಕಾರಣ. ಅದು ನೆಲದಲ್ಲಿದ್ದರೆ ಅದಕ್ಕೆ ಸೇರುವ ವೈರುಗಳೆಲ್ಲ ನೆಲಕ್ಕೇ ಇಳಿಯುತ್ತವೆ. ಪೊರಕೆಗೆ ಸಿಕ್ಕಿಕೊಳ್ಳುತ್ತವೆ, ನೆಲ ಒರೆಸುವಾಗ ನೀರು ತಾಗುತ್ತದೆ. ಹಾಗಾಗಿ ಕ್ಲಿಪ್ಪು, ಪಟ್ಟಿ ಕೊಳ್ಳುವ ಮೊದಲೇ ನಾನು ಸ್ಪೈಕ್ ಬಸ್ಟರನ್ನು ಮೇಜಿನ ಅಡಿಗೆ ಎತ್ತಿ ಕೂರಿಸಿದೆ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ನನ್ನ ಮೇಜು 4 ಅಡಿ ಉದ್ದ, 2 ಅಡಿ ಅಗಲ, 18 ಮಿ.ಮೀ. ಪ್ಲೈವುಡ್, ಮೇಲೆ ಸನ್‌ಮೈಕಾ. ಸಿಪಿಯು, ಮಾನಿಟರ್, ರೂಟರ್, ಲ್ಯಾಪ್‌ಟಾಪ್ ಚಾರ್ಜರ್, ಸ್ಪೀಕರ್, ಹೊರಗಿನ ಹಾರ್ಡ್ ಡಿಸ್ಕ್, ಲೇಸರ್ ಪ್ರಿಂಟರ್, ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಸುವ ಒಂದು ಸಣ್ಣ (600 ವಿಎ) ಯುಪಿಎಸ್. ಇಷ್ಟಕ್ಕೇ ಹದಿನಾರು ವೈರು ಆಗುತ್ತವೆ.

ಸ್ಪೈಕ್ ಬಸ್ಟರಿನ ಬೆನ್ನಿಗೆ ಸ್ಕ್ರೂ ತಲೆ ಸಿಕ್ಕಿಸುವ ತೂತುಗಳಿರುತ್ತವೆ. ಅದನ್ನು ನೇರ ಹಲಗೆಯ ಅಡಿಗೇ ನೇತುಹಾಕುವುದು ಸುಲಭ, ಆದರೆ ತಪ್ಪು. ಸಾಕೆಟ್ಟಿನ ಬಾಯಿ ಕೆಳಮುಖವಾಗುತ್ತದೆ. ಅಡಾಪ್ಟರುಗಳು ತಮ್ಮ ಭಾರಕ್ಕೆ ತಾವೇ ದಿನಕ್ಕಿಷ್ಟು ಜಾರುತ್ತವೆ, ಪಿನ್ನು ಸಡಿಲವಾಗಿ ಒಳಗೆ ಚಿಟಿಚಿಟಿ ಕಿಡಿ ಶುರುವಾಗುತ್ತದೆ. ಅದಕ್ಕೇ ಒಂದು ಸಣ್ಣ ಅಟ್ಟ ಮಾಡಿದೆ: 12 ಮಿ.ಮೀ. ಪ್ಲೈವುಡ್ಡಿನ 30 ಇಂಚು ಉದ್ದ, 6 ಇಂಚು ಅಗಲದ ಹಲಗೆ. ಮೇಜಿನ ಹಿಂದಿನ ಅಂಚಿನ ಕೆಳಗೆ, ಮೂರು ಕಬ್ಬಿಣದ ಬ್ರಾಕೆಟ್ಟಿನಲ್ಲಿ, 6 ಇಂಚು ಇಳಿಸಿ ತೂಗುಹಾಕಿದ್ದು. 4 ಇಂಚಿಗೆ ಇಳಿಸಿದರೆ ಪ್ಲಗ್ ಕೀಳಲು ಕೈ ಹೋಗುವುದಿಲ್ಲ. ಹಲಗೆಯ ಎರಡೂ ಅಂಚಿಗೆ ಅರ್ಧ ಇಂಚಿನ ಬೀಡಿಂಗ್ (ಮರದ ಸಣ್ಣ ಪಟ್ಟಿ) ಹೊಡೆದರೆ ಅಡಾಪ್ಟರು ಉರುಳಿ ಬೀಳುವುದಿಲ್ಲ. ಸ್ಪೈಕ್ ಬಸ್ಟರ್ ಅದರ ಮೇಲೆ ಬಾಯಿ ಮೇಲಾಗಿ ಮಲಗುತ್ತದೆ, ಅಡಾಪ್ಟರುಗಳು ಪಕ್ಕದಲ್ಲಿ ಒಂದಕ್ಕೊಂದು ಒಂದು ಬೆರಳು ಬಿಟ್ಟು ಕೂರುತ್ತವೆ. ಒಂದರ ಮೇಲೊಂದು ಪೇರಿಸಬೇಡಿ, ಬಿಸಿ ಹೋಗಲು ಜಾಗ ಬೇಕು.

ಸ್ಕ್ರೂ ವಿಷಯದಲ್ಲಿ ಎಚ್ಚರ. ಮೇಜಿಗೆ ಹಾಕುವುದು ಅರ್ಧ ಇಂಚಿನದೇ ಇರಲಿ. ಮುಕ್ಕಾಲು ಇಂಚು ಅಂದರೆ 19 ಮಿ.ಮೀ.; 18 ಮಿ.ಮೀ. ಹಲಗೆಯಲ್ಲಿ ಅದರ ಮೊನೆ ಸನ್‌ಮೈಕಾವನ್ನು ಉಬ್ಬಿಸುತ್ತದೆ.

ವೈರು ಹಾಯಿಸಲು ಅಂಟಿಸುವ ಕ್ಲಿಪ್ಪುಗಳನ್ನು ನಾನು ನೆಚ್ಚುವುದಿಲ್ಲ. ಮೇಜಿನ ಅಡಿಭಾಗಕ್ಕೆ ಸನ್‌ಮೈಕಾ ಇರುವುದಿಲ್ಲ. ಬರೀ ಪ್ಲೈವುಡ್ಡಿನ ನಾರು ಮತ್ತು ಧೂಳಿನ ಮೇಲೆ ಟೇಪು ಹಿಡಿಯುವುದಿಲ್ಲ, ಮಳೆಗಾಲದಲ್ಲಂತೂ ಒಂದೊಂದೇ ಉದುರುತ್ತವೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಪಿವಿಸಿ ಪೈಪನ್ನು ಗೋಡೆಗೆ ಹಿಡಿಸಲು ಹೊಡೆಯುವ 25 ಮಿ.ಮೀ. ಸ್ಯಾಡಲ್ ಎಂಬ ಕಮಾನಿನಂಥ ಪಟ್ಟಿ ಸಿಗುತ್ತದೆ. ಅದನ್ನೇ ಮೇಜಿನ ಕೆಳಗೆ ಒಂದೊಂದು ಅಡಿ ದೂರಕ್ಕೆ ಸ್ಕ್ರೂ ಮಾಡಿದೆ, ಒಟ್ಟು ಎಂಟು. ಒಂದು ಬದಿಯ ಸ್ಕ್ರೂ ಸಡಿಲಿಸಿದರೆ ಸ್ಯಾಡಲ್ ತಿರುಗಿ ಬಾಯಿ ತೆರೆಯುತ್ತದೆ, ವೈರು ಬದಲಿಸಬಹುದು. ಮಾನಿಟರಿನ ಹಿಂದೆ ಮೇಜಿನಲ್ಲಿ 60 ಮಿ.ಮೀ. ತೂತು ಕೊರೆದು ಬಡಗಿಗಳು ಹಾಕುವ ವೈರ್ ಮ್ಯಾನೇಜರ್ (ವೈರು ದಾಟಿಸುವ ತೂತಿನ ಬಳೆ) ಕೂರಿಸಿದ್ದೇನೆ. 3 ಪಿನ್ ಪ್ಲಗ್ ದಾಟಬೇಕಾದರೆ 60 ಬೇಕೇ ಬೇಕು, ಅದಕ್ಕಿಂತ ಚಿಕ್ಕದರಲ್ಲಿ ತಡವರಿಸುತ್ತದೆ.

ಕಟ್ಟಲು ಪ್ಲಾಸ್ಟಿಕ್ ಟ್ಯಾಗ್ ಬೇಡ, ವೆಲ್ಕ್ರೋ ಪಟ್ಟಿ ಸಾಕು. ಟ್ಯಾಗನ್ನು ಎಳೆದು ಬಿಗಿದರೆ ಕೇಬಲ್ಲಿನ ಸೊಂಟ ಹಿಸುಕಿದಂತಾಗುತ್ತದೆ, ಆಮೇಲೆ ಕತ್ತರಿಸುವಾಗ ಜೊತೆಗೆ ವೈರೂ ಕೊಯ್ದುಹೋಗುತ್ತದೆ. ಅರ್ಧ ಇಂಚು ಅಗಲದ ವೆಲ್ಕ್ರೋ ರೋಲ್ ತಂದು 6 ಇಂಚಿಗೊಂದರಂತೆ ಕತ್ತರಿಸಿಟ್ಟುಕೊಂಡೆ.

ಜೋಡಿಸುವ ಮುಂಚೆ ಎಲ್ಲ ಪ್ಲಗ್ ಕಿತ್ತು, ವೈರುಗಳನ್ನು ಮೂರು ಗುಂಪು ಮಾಡಿದೆ: ಒಂದು, ಕರೆಂಟಿನವು; ಎರಡು, ಹೆಚ್‌ಡಿಎಂಐ, ಲ್ಯಾನ್, ಯುಎಸ್‌ಬಿಯಂಥವು; ಮೂರು, ದಿನಾ ಕೈಗೆ ಬರುವ ಹೆಡ್‌ಫೋನು, ಫೋನ್ ಚಾರ್ಜರು. ಮೂರನೆಯ ಗುಂಪನ್ನು ಎಲ್ಲಿಗೂ ಕಟ್ಟಲೇಬಾರದು. ಉಳಿದೆರಡನ್ನು ಬೇರೆ ಬೇರೆ ಕಟ್ಟಿದ್ದು ಮುಖ್ಯವಾಗಿ ಮುಂದೆ ಒಂದನ್ನು ಕೀಳಬೇಕಾದಾಗ ಎಲ್ಲವೂ ಬಿಚ್ಚಿಕೊಳ್ಳಬಾರದು ಎಂದು. ಸ್ಪೀಕರಿನ ವೈರನ್ನು ಮಾತ್ರ ಕರೆಂಟಿನ ವೈರಿನಿಂದ ದೂರವಿಟ್ಟೆ, ಗುಂಯ್ ಸದ್ದು ಬರದಿರಲಿ ಎಂದು.

ಉದ್ದ ಅಳೆಯಲು ಟೇಪಿಗಿಂತ ಹುರಿ ಒಳ್ಳೆಯದು. ವೈರು ಹೋಗುವ ದಾರಿಯಲ್ಲೇ ಹುರಿ ಹಾಯಿಸಿ, ಸಿಕ್ಕ ಅಳತೆಗೆ 30 ಸೆ.ಮೀ. ಸೇರಿಸಿದೆ. ಸಿಪಿಯುವನ್ನು ಒಂದಡಿ ಮುಂದೆಳೆದು ಹಿಂಬದಿಯ ಪೋರ್ಟಿಗೆ ಕೈಹಾಕಲು ಆ ಸಡಿಲ ಬೇಕಾಗುತ್ತದೆ. ಮಿಕ್ಕ ಉದ್ದವನ್ನು ಎಂಟರ ಆಕಾರದಲ್ಲಿ ಮಡಚಿ, ಸಡಿಲವಾಗಿ ವೆಲ್ಕ್ರೋ ಸುತ್ತಿ ಅಟ್ಟದ ಮೇಲಿಟ್ಟೆ. ಸುರುಳಿ ಸುತ್ತಿದರೆ ಕೇಬಲ್ಲು ಹುರಿಗೊಂಡು, ಬಿಚ್ಚಿದಾಗ ಗಂಟುಬೀಳುತ್ತದೆ.

ಲ್ಯಾಪ್‌ಟಾಪ್ ಚಾರ್ಜರ್ ಹಾಳಾಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ವೈರು ಅಡಾಪ್ಟರಿನಿಂದ ಹೊರಬರುವ ಕುತ್ತಿಗೆಯಲ್ಲಿ. ವೈರನ್ನು ಅಡಾಪ್ಟರಿಗೇ ಬಿಗಿಯಾಗಿ ಸುತ್ತಿದಾಗ ಅಲ್ಲಿ ರಬ್ಬರು ಬಿಳಿಚಿಕೊಳ್ಳುತ್ತದೆ, ಕೂದಲೆಳೆಯಷ್ಟು ಸೀಳುತ್ತದೆ, ಕೊನೆಗೆ ಒಳಗಿನ ತಂತಿ ಕಾಣುತ್ತದೆ. ಕುತ್ತಿಗೆಯ ಬಳಿ ಎರಡು ಬೆರಳು ತೂರುವಷ್ಟು ಕುಣಿಕೆ ಬಿಟ್ಟು ಆಮೇಲೆ ಸುತ್ತಿ.

ಬ್ರಾಡ್‌ಬ್ಯಾಂಡಿನ ಫೈಬರ್ ಬೇರೆಯದೇ ಜಾತಿ. ಅದರೊಳಗಿರುವುದು ಗಾಜು. ಮಿಕ್ಕದ್ದನ್ನು ಸುತ್ತಿಡುವಾಗ 2.6 ಅಳತೆಯ ಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ. ಆ ಬಳೆಯ ಒಳ ಅಗಲ ಸುಮಾರು 60 ಮಿ.ಮೀ. ಫೈಬರನ್ನು ಬೇರೆ ವೈರುಗಳ ಜೊತೆ ಕಟ್ಟಲೂ ಬಾರದು. ಜಾಸ್ತಿ ಬಗ್ಗಿದರೆ ಬೆಳಕು ಸೋರಿ, ಮೋಡೆಮ್ಮಿನಲ್ಲಿ ಕೆಂಪು ದೀಪ ಉರಿಯುತ್ತದೆ.

ವೈರ್‌ಲೆಸ್ ಮೌಸ್ ತಡವರಿಸಿದರೆ ಬ್ಯಾಟರಿಯನ್ನು ಬೈಯುವ ಮುಂಚೆ ಅದರ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರಿಸೀವರ್) ಎಲ್ಲಿದೆ ನೋಡಿ. ಯುಎಸ್‌ಬಿ 3.0 ಹಾರ್ಡ್ ಡಿಸ್ಕಿನ ಕೇಬಲ್ಲು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಹೊರಡಿಸುತ್ತದೆ, ಮೌಸೂ ಅಲ್ಲೇ ಮಾತಾಡುವುದು. ಡಾಂಗಲನ್ನು ಸಿಪಿಯು ಹಿಂದಿನಿಂದ ಕಿತ್ತು, ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ನಿನಲ್ಲಿ ಮಾನಿಟರಿನ ಕಾಲ ಬಳಿ ತಂದಿಟ್ಟೆ.

ಕರೆಂಟಿನ ಹಂಚಿಕೆ ಹೀಗೆ: ಸಿಪಿಯು, ಮಾನಿಟರ್, ರೂಟರ್ ಯುಪಿಎಸ್ಸಿಗೆ, ಉಳಿದವು ಸ್ಪೈಕ್ ಬಸ್ಟರಿಗೆ. ಪ್ರಿಂಟರಿಗೆ ಗೋಡೆಯಲ್ಲೇ ಬೇರೆ ಸಾಕೆಟ್. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ಒಮ್ಮೆಗೇ ಎಳೆಯುವ ಕರೆಂಟು ಸಣ್ಣ ಯುಪಿಎಸ್ಸಿಗೆ ತಡೆಯದು. 6 ಆಂಪಿಯರ್ ಸಾಕೆಟ್ಟಿನ ಮಿತಿ 230 ವೋಲ್ಟಿನಲ್ಲಿ 1380 ವ್ಯಾಟ್. ಕಂಪ್ಯೂಟರ್ ಸಾಮಾನಿಗೆ ಧಾರಾಳ, ಆದರೆ ಖಾಲಿ ಇದೆಯೆಂದು ಅದೇ ಬೋರ್ಡಿಗೆ ಇಸ್ತ್ರಿಪೆಟ್ಟಿಗೆ ಚುಚ್ಚಬೇಡಿ. ಒಂದು ಸ್ಪೈಕ್ ಬಸ್ಟರಿಗೆ ಇನ್ನೊಂದನ್ನು ಸಿಕ್ಕಿಸುವುದೂ ಬೇಡ. ಯುಪಿಎಸ್ ಭಾರ, ಅಟ್ಟಕ್ಕೆ ಹಾಕದೆ ನೆಲದಲ್ಲೇ 2 ಇಂಚಿನ ಮರದ ತುಂಡಿನ ಮೇಲಿಟ್ಟಿದ್ದೇನೆ. ಅದರ ವೈರುಗಳು ಮೇಜಿನ ಹಿಂದಿನ ಕಾಲಿಗೆ ಒರಗಿಕೊಂಡು ಇಳಿಯುತ್ತವೆ.

ಹೆಸರು ಬರೆಯದೆ ಜೋಡಿಸಿದರೆ ಆರು ತಿಂಗಳಲ್ಲಿ ಯಾವುದು ಯಾವುದೆಂದು ಮರೆತುಹೋಗುತ್ತದೆ. ಬಿಳಿ ಇನ್ಸುಲೇಷನ್ ಟೇಪನ್ನು ಬಾವುಟದಂತೆ ಮಡಚಿ, ಪ್ಲಗ್ಗಿನಿಂದ 2 ಇಂಚು ಬಿಟ್ಟು, ಎರಡೂ ತುದಿಗೆ ಅಂಟಿಸಿದೆ. ಮಾರ್ಕರಿನಲ್ಲಿ ಬರೆದ ಮೇಲೆ ಸೆಲ್ಲೋಟೇಪ್ ಸುತ್ತಿದರೆ ಅಕ್ಷರ ಅಳಿಯುವುದಿಲ್ಲ.

ಎಲ್ಲ ಸಿಕ್ಕಿಸಿ ಎರಡು ಗಂಟೆ ಓಡಿಸಿ, ಒಂದೊಂದು ಅಡಾಪ್ಟರನ್ನೂ ಮುಟ್ಟಿ ನೋಡಿದೆ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಅದರ ಪ್ಲಗ್ ಕಿತ್ತು ಪಿನ್ನಿನ ಬುಡ ನೋಡಿ. ಅಲ್ಲಿ ಕಂದು ಬಣ್ಣ ಕಂಡರೆ ಸಾಕೆಟ್ಟಿನ ಹಿಡಿತ ಹೋಗಿದೆ ಎಂದರ್ಥ, ಬದಲಿಸಬೇಕಾದದ್ದು ಆ ಸ್ಪೈಕ್ ಬಸ್ಟರನ್ನೇ.