ಸೆಕೆಂಡಿಗೆ ಹತ್ತು ಬಾಲ್: ನನ್ನ ಪೇಂಟ್‌ಬಾಲ್ ಮಾರ್ಕರ್ ಹದಕ್ಕೆ ಬಂದ ಬಗೆ

ನನ್ನ ಮಾರ್ಕರ್‌ನ, ಅಂದರೆ ಬಣ್ಣ ತುಂಬಿದ ಬಾಲ್‌ಗಳನ್ನು ಗಾಳಿಯ ಒತ್ತಡದಿಂದ ಹಾರಿಸುವ ಪೇಂಟ್‌ಬಾಲ್ ಬಂದೂಕಿನ, ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ವೇಗದ ಮಿತಿಯನ್ನು ಸೆಕೆಂಡಿಗೆ 15 ಬಾಲ್‌ಗೆ ಏರಿಸಿದ ದಿನವೇ ಅದರ ಒಳಗೆಲ್ಲ ಬಣ್ಣದ ಗಂಜಿ. ನನ್ನದು ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಗಾಳಿಯ ಕವಾಟ) ಇರುವ ಎಲೆಕ್ಟ್ರಾನಿಕ್ ಮಾರ್ಕರ್. ಬಾಲನ್ನು ಬ್ಯಾರೆಲ್‌ಗೆ ತಳ್ಳುವ ಬೋಲ್ಟನ್ನು ಸೆಕೆಂಡಿಗೆ 15 ಸಲ ಹೊಡೆಯಲು ಅದು ಸಿದ್ಧವಿತ್ತು, ಆದರೆ ಬಾಲ್ ತುಂಬಿಡುವ, ಮೇಲಿದ್ದ ಹಾಪರ್‌ನಿಂದ ಬಾಲ್‌ಗಳು ಬರೀ ತಮ್ಮ ಭಾರಕ್ಕೆ ಉರುಳಿ ಬೀಳುತ್ತಿದ್ದವು. ಅಂಥ ಹಾಪರ್ ಸೆಕೆಂಡಿಗೆ ಏಳೆಂಟು ಬಾಲ್ ಕೊಟ್ಟರೆ ಹೆಚ್ಚು. ಬಾಲ್ ಪೂರ್ತಿ ಕೂತಿದೆಯೇ ಎಂದು ನೋಡುವ ಸೆನ್ಸರನ್ನು ‘ವೇಗಕ್ಕೆ ಅಡ್ಡಿ’ ಎಂದುಕೊಂಡು ನಾನೇ ಆಫ್ ಮಾಡಿದ್ದೆ. ಅರ್ಧ ಇಳಿದ ಬಾಲನ್ನು ಬೋಲ್ಟ್ ಕತ್ತರಿಸಿ ಹಾಕಿತು. ಮೋಟಾರಿನಿಂದ ತಳ್ಳುವ ಹಾಪರ್ ತಂದೆ, ಸೆನ್ಸರಿನ ಮೇಲಿನ ಬಣ್ಣ ಒರೆಸಿ ಮತ್ತೆ ಆನ್ ಮಾಡಿದೆ. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಆಫ್ ಮಾಡಿಲ್ಲ.

ಮಿತಿಯನ್ನು 10ಕ್ಕೆ ಇಳಿಸಿ ಮೊದಲಿನಿಂದ ಶುರು ಮಾಡಿದೆ. ಸೆಕೆಂಡಿಗೆ 10 ಅಂದರೆ ಒಂದೊಂದು ಬಾಲ್‌ಗೆ 100 ಮಿಲಿಸೆಕೆಂಡ್. ಅಷ್ಟರಲ್ಲಿ ಬೋಲ್ಟ್ ಮುಂದೆ ಹೋಗಿ ಹಿಂದೆ ಬರಬೇಕು, ಮುಂದಿನ ಬಾಲ್ ಇಳಿಯಬೇಕು, ಖಾಲಿಯಾದ ಗಾಳಿಯನ್ನು ರೆಗ್ಯುಲೇಟರ್ (ಟ್ಯಾಂಕಿನ ಗಾಳಿಯ ಒತ್ತಡವನ್ನು ಹದಕ್ಕೆ ಇಳಿಸುವ ಭಾಗ) ಮತ್ತೆ ತುಂಬಬೇಕು. ಇವುಗಳಲ್ಲಿ ಯಾವುದು ನಿಧಾನವೋ ಅದರ ವೇಗವೇ ಮಾರ್ಕರ್‌ನ ವೇಗ, ಬೋರ್ಡಿನ ಸಂಖ್ಯೆ ಏನೇ ಇರಲಿ.

ಇದು ಕಣ್ಣಿಗೆ ಕಂಡದ್ದು ಹಾರುವ ಬಾಲ್‌ನ ವೇಗ ಅಳೆಯುವ ಕ್ರೋನೊಗ್ರಾಫ್ ಮುಂದೆ. ಒಂದೊಂದಾಗಿ, ಬಿಡುವು ಕೊಟ್ಟು ಹೊಡೆದಾಗ ಸೆಕೆಂಡಿಗೆ 283, 281, 284 ಅಡಿ. ಸರಸರನೆ ಹೊಡೆದಾಗ 282, 276, 268, 259. ನಾಲ್ಕನೇ ಬಾಲ್ ಹೊತ್ತಿಗೇ ಗಾಳಿ ಸಾಲುತ್ತಿರಲಿಲ್ಲ. ರೆಗ್ಯುಲೇಟರ್ ಬಿಚ್ಚಿದರೆ ಪಿಸ್ಟನ್‌ನ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಒಣಗಿ, ಸುತ್ತ ಕಪ್ಪು ಕೊಳೆ ಕೂತಿತ್ತು. ಒರೆಸಿ, ಹೊಸ ಓ-ರಿಂಗ್ ಹಾಕಿ, ಮಾರ್ಕರ್‌ಗೆಂದೇ ಇರುವ ಗ್ರೀಸನ್ನು ತೆಳುವಾಗಿ ಸವರಿದೆ. ಕೈಗೆ ಸಿಕ್ಕ ಪೆಟ್ರೋಲಿಯಂ ಎಣ್ಣೆ ಹಚ್ಚಬೇಡಿ, ಕೆಲವು ರಬ್ಬರ್ ಊದಿಕೊಳ್ಳುತ್ತವೆ. ಮತ್ತೆ ಸರಸರನೆ ಹೊಡೆದೆ: ಕೊನೆಯ ಬಾಲ್ 278.

ಬಿಚ್ಚುವ ಮುನ್ನ ಟ್ಯಾಂಕ್ ಕಳಚಿ, ಹಾಪರ್ ತೆಗೆದು, ಉಳಿದ ಗಾಳಿಯನ್ನು ಸುರಕ್ಷಿತ ದಿಕ್ಕಿಗೆ ಹೊಡೆದು ಖಾಲಿ ಮಾಡಲೇಬೇಕು. ಮುಖಕ್ಕೆ ಮಾಸ್ಕ್, ಬ್ಯಾರೆಲ್‌ಗೆ ಕವರ್. ಮನೆಯ ಮೇಜಿನ ಮೇಲೂ ಇದರಲ್ಲಿ ರಿಯಾಯಿತಿ ಇಲ್ಲ.

ಆಮೇಲೆ ಡ್ವೆಲ್, ಅಂದರೆ ಸೊಲೆನಾಯ್ಡ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದು. ಒಂದೊಂದು ಮಿಲಿಸೆಕೆಂಡ್ ಇಳಿಸುತ್ತ ಹೋದೆ. ಒಂದು ಹಂತದಲ್ಲಿ ಬಾಲ್‌ನ ವೇಗ ಥಟ್ಟನೆ ಕುಸಿಯಿತು. ಅಲ್ಲಿಂದ ಎರಡು ಮಿಲಿಸೆಕೆಂಡ್ ಮೇಲಕ್ಕೆ ತಂದು ನಿಲ್ಲಿಸಿದೆ. ಹೆಚ್ಚಿಟ್ಟರೆ ಗಾಳಿ ದಂಡ, ಕಡಿಮೆಯಿಟ್ಟರೆ ಐದು ನಿಮಿಷ ಸುಮ್ಮನಿದ್ದ ಮಾರ್ಕರ್‌ನ ಮೊದಲ ಬಾಲ್ ಸೋತು ಬೀಳುತ್ತದೆ, ಏಕೆಂದರೆ ಅಷ್ಟರಲ್ಲಿ ಓ-ರಿಂಗ್ ಅಂಟಿಕೊಂಡಿರುತ್ತದೆ. ಡ್ವೆಲ್ ಮುಟ್ಟಿದಾಗಲೆಲ್ಲ ವೇಗ ಮತ್ತೆ ಅಳೆಯಿರಿ. ಸೆಕೆಂಡಿಗೆ 300 ಅಡಿ ದಾಟಬಾರದು, ಮೈದಾನಗಳು ಇನ್ನೂ ಕಡಿಮೆ ಮಿತಿ ಇಡುವುದುಂಟು.

ಟ್ರಿಗರ್ ಕೆಲಸ ನನಗೆ ತುಂಬ ಇಷ್ಟವಾದದ್ದು. ಎಲನ್ ಕೀಯಿಂದ ಮುಂದಿನ ಸ್ಕ್ರೂ ಕಾಲು ಸುತ್ತು, ಹಿಂದಿನದು ಅರ್ಧ ಸುತ್ತು, ಹೀಗೆ ತಿರುಗಿಸುತ್ತ ಬೆರಳು ಕೂದಲೆಳೆಯಷ್ಟು ಸರಿದರೆ ಹೊಡೆಯುವ ಮಟ್ಟಕ್ಕೆ ತಂದೆ. ಆದರೆ ಮಾರ್ಕರನ್ನು ಸಡಿಲವಾಗಿ ಹಿಡಿದು ನಿಧಾನಕ್ಕೆ ಎಳೆದರೆ ಒಂದೇ ಎಳೆತಕ್ಕೆ ಎರಡು ಬಾಲ್! ಮಾರ್ಕರ್‌ನ ಒದೆತಕ್ಕೇ ಟ್ರಿಗರ್ ಮತ್ತೆ ಒತ್ತಿಕೊಳ್ಳುತ್ತಿತ್ತು. ಇದನ್ನು ವೇಗ ಅಂದುಕೊಳ್ಳಬಾರದು, ಇದು ಮಾರ್ಕರ್ ನಮ್ಮ ಹಿಡಿತ ತಪ್ಪಿರುವ ಲಕ್ಷಣ. ಡಿಬೌನ್ಸನ್ನು, ಅಂದರೆ ಒಂದು ಎಳೆತದ ನಂತರ ಬೋರ್ಡ್ ಎಷ್ಟು ಹೊತ್ತು ಮುಂದಿನ ಒತ್ತನ್ನು ಲೆಕ್ಕಿಸಬಾರದು ಎಂಬ ಅವಧಿಯನ್ನು, ಒಂದೊಂದೇ ಹಂತ ಏರಿಸಿ, ಹಿಂದಿನ ಸ್ಕ್ರೂವನ್ನು ತುಸು ಸಡಿಲಿಸಿ, ಒಂದು ಎಳೆತಕ್ಕೆ ಒಂದೇ ಬಾಲ್ ಬರುವಂತೆ ಮಾಡಿದೆ.

ಬ್ಯಾರೆಲ್‌ಗೆ ಬೇರೆ ಬೇರೆ ಬೋರ್‌ನ (ಒಳವ್ಯಾಸದ) ತುಂಡುಗಳ ಸೆಟ್ ಕೊಂಡಿದ್ದೇನೆ. ಬಾಲ್‌ನ ಅಳತೆ ಹೆಸರಿಗೆ 0.68 ಇಂಚು. ಹೊರಗಿನ ಪದರ ಜೆಲಾಟಿನ್ ಆದ್ದರಿಂದ ತೇವಕ್ಕೆ ಉಬ್ಬುತ್ತದೆ. ಹಾಗಾಗಿ ಆಟದ ದಿನ ಹೊಸ ಚೀಲ ಒಡೆದು ಐದು ಬಾಲ್ ತೆಗೆಯುತ್ತೇನೆ. ಕಳಚಿದ ಬ್ಯಾರೆಲ್‌ಗೆ ಒಂದೊಂದಾಗಿ ಹಾಕಿ ನೋಡುತ್ತೇನೆ: ತಾನಾಗಿ ಜಾರಬಾರದು, ಬಾಯಿಂದ ಊದಿದರೆ ಸಲೀಸಾಗಿ ಹೊರಬೀಳಬೇಕು. ಐದೂ ಹಾಗೆ ಬಿದ್ದ ತುಂಡನ್ನೇ ಆ ದಿನಕ್ಕೆ ಹಾಕಿಕೊಂಡು ಕ್ರೋನೊಗ್ರಾಫ್ ಕಡೆ ನಡೆಯುತ್ತೇನೆ.